ಬೆಸುಗೆಯ ಪಕ್ಕದ ಸಹಿ

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ದುಬಾರಿ ಕಾರುಗಳ ಸೈಲೆನ್ಸರ್ ಪೈಪು. ಕಾರಿನ ಜೊತೆ ಬಂದ ಪೈಪು ಕೊಂಡವರಿಗೆ ಹಿಡಿಸುವುದಿಲ್ಲ. ಇನ್ನೂ ಹಗುರ ಬೇಕು, ಇಂಜಿನ್ನಿಗೆ ಇನ್ನಷ್ಟು ಕಸುವು ಬೇಕು, ಬೀದಿಯ ತುದಿಗೇ ಸದ್ದು ಕೇಳಬೇಕು. ಅಂಥವರಿಗಾಗಿ ಟೈಟಾನಿಯಂ ಪೈಪುಗಳನ್ನು ಬೆಸೆಯುತ್ತಿದ್ದವಳನ್ನು ಎಲ್ಲರೂ ವೆಲ್ಡರ್ ಅಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಪಳಗಿದ ಕೈ. ಟೈಟಾನಿಯಂ ಮಹಾ ಮುಂಗೋಪದ ಲೋಹ. ಕಾದಿರುವಾಗ ಗಾಳಿ ಸೋಕಿದರೆ ಬೂದಿಬಣ್ಣಕ್ಕೆ ತಿರುಗಿ ಬಿರುಕು ಬಿಡುತ್ತದೆ. ಅಕ್ಕ ಉಸಿರು ಬಿಗಿಹಿಡಿದು ಹಾಕಿದ ಬೆಸುಗೆ ಮಾತ್ರ ಮೀನಿನ ಹುರುಪೆಯ ಹಾಗೆ ಸಾಲಾಗಿ, ಹೊಂಬಣ್ಣದಲ್ಲಿ ಕೂರುತ್ತಿತ್ತು.

ಒಂದು ಸೋಮವಾರ ಮಾಲೀಕರು ಗಡ್ಡ ತಿದ್ದಿಸಿಕೊಂಡ ಒಬ್ಬ ನಟನನ್ನು ಕರೆತಂದರು. ಜಾಹೀರಾತಿಗಂತೆ.

"ಇವರಿಗೆ ವೆಲ್ಡಿಂಗ್ ಟಾರ್ಚ್ ಹಿಡಿಯೋದು ಸ್ವಲ್ಪ ತೋರಿಸಮ್ಮ. ಎರಡೇ ನಿಮಿಷ."

ಎರಡು ನಿಮಿಷ ಇಡೀ ದಿನವಾಯಿತು. ಅಕ್ಕನ ಸ್ಟೂಲಿನ ಮೇಲೆ ಅವನು ಕೂತ, ಅಕ್ಕ ನಿಂತಳು. ವಾಸನೆ ಅಂತ ಮೂಗು ಮುರಿಯುತ್ತಲೇ ಅವಳ ಗ್ಲೌಸು ತೊಟ್ಟ.

"ಮಾಸ್ಕ್ ಇಳಿಸಿ ಸ್ವಾಮಿ, ಕಣ್ಣು ಹೋಗುತ್ತೆ," ಎಂದಳು ಅಕ್ಕ.

"ಇಳಿಸಿದ್ರೆ ಮುಖ ಹೇಗಮ್ಮ ಕಾಣುತ್ತೆ?" ಎಂದು ಫೋಟೋದವನು ರೇಗಿದ.

ಮುಂದಿನ ವಾರ ಬಾಗಿಲಿನ ಪಕ್ಕ ಆಳೆತ್ತರದ ಚಿತ್ರ ಬಂತು. ಗಡ್ಡದವನ ಕೈಯಲ್ಲಿ ಅಕ್ಕನ ಪೈಪು. ಕೆಳಗೆ 'ಮೂರು ತಲೆಮಾರಿನ ಕೈಚಳಕ'.

"ಇವರ ತಾತ ಯಾವ ಶೆಡ್ಡಲ್ಲಿದ್ರಂತೆ?" ಎಂದು ಪೈಪು ಉಜ್ಜಿ ಹೊಳಪು ಕೊಡುವ ಪಾಲಿಶ್ ಮಾಮ ಕಿಸಕ್ಕೆಂದರು. ಅಕ್ಕನೂ ನಕ್ಕಳು. ಬಸ್ ಓಡಿಸುವ ಗಂಡ ಮನೆಯಲ್ಲಿ, "ಜಾಹೀರಾತು ಅಂದ್ಮೇಲೆ ಇದ್ದದ್ದೇ, ಬಿಡೇ," ಎಂದ. ಬಿಟ್ಟಳು.

ಗುರುವಾರ ಸೂಪರ್‌ವೈಸರ್ ಒಂದು ಕಾಗದ ತಂದು ಓದಿದ. ಇನ್ನು ಮುಂದೆ ಪ್ರತಿ ಪೈಪಿನ ಮೇಲೂ, ಸರಿಯಾಗಿ ಬೆಸುಗೆಯ ಪಕ್ಕದಲ್ಲೇ, ಗಡ್ಡದವನ ಸಹಿಯನ್ನು ಮಿಷಿನ್ನಿನಲ್ಲಿ ಕೆತ್ತಬೇಕು.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಗ್ಲೌಸು ಕಿತ್ತೆಸೆದು ನೇರ ಮಾಲೀಕರ ಕೋಣೆಗೆ ನುಗ್ಗಿದಳು.

"ಒಂದು ಸಹಿ ತಾನೇ? ನಿನ್ನ ಗಂಟೇನು ಹೋಯ್ತಮ್ಮ?" ಎಂದರು ಅವರು, ಫೋನಿನಿಂದ ತಲೆಯೆತ್ತದೆ.

"ಸಾರ್, ಗೋಡೆ ಮೇಲೆ ಅವನ ಮುಖ ಹಾಕಿದ್ರಿ, ಸುಮ್ನಿದ್ದೆ. ಈಗ ನಾನು ಹಾಕಿದ ಬೆಸುಗೆಗೆ ಅವನ ಹೆಸರಾ? ಟಾರ್ಚ್ ಯಾವ ಕಡೆ ಉರಿಯುತ್ತೆ ಅಂತ ಗೊತ್ತಿಲ್ಲದೋನು! ಸಹಿ ಅವನದಾದ್ರೆ ಬೆಸುಗೆನೂ ಅವನೇ ಹಾಕ್ಲಿ."

"ಊರಲ್ಲಿ ನೀನೊಬ್ಬಳೇನಾ ವೆಲ್ಡರು?"

ಅಕ್ಕ ಸೀದಾ ಶೆಡ್ಡಿಗೆ ಹೊರಟಳು. ಬಂದು ಗ್ಯಾಸ್ ಆಫ್ ಮಾಡಿ, ಕೈಕಟ್ಟಿ ಕೂತಳು.

ಮಾಲೀಕರ ಮಾತಿಗೆ ಸೂಪರ್‌ವೈಸರೇ ಟಾರ್ಚ್ ಹಿಡಿದ. ಸಂಜೆಯೊಳಗೆ ಮೂರು ಪೈಪು ಬೂದಿಬಣ್ಣಕ್ಕೆ ತಿರುಗಿ ಹಾಳಾದವು. ಮೂರನೆಯದಂತೂ ಮೇಜಿಗೆ ತಗುಲಿದ್ದಕ್ಕೇ ಸೀಳಿತು. ಮರುದಿನ ಬೆಳಿಗ್ಗೆ ಪಾಲಿಶ್ ಮಾಮ ತಮ್ಮ ಚಕ್ರ ನಿಲ್ಲಿಸಿ ಅಕ್ಕನ ಪಕ್ಕ ಬಂದು ಕೂತರು. ಪೈಪು ಬಗ್ಗಿಸುವವನೂ ಬಂದ.

ಮಧ್ಯಾಹ್ನ ಮಾಲೀಕರು ತಾವಾಗಿಯೇ ಶೆಡ್ಡಿಗೆ ಇಳಿದು ಬಂದರು. ದನಿ ಬೆಣ್ಣೆಯಾಗಿತ್ತು.

"ಸರಿಯಮ್ಮ, ನಿನ್ನ ಹೆಸರೇ ಕೆತ್ತಿಸೋಣ. ಸಮಾಧಾನಾನಾ?"

"ನನ್ನೊಬ್ಬಳದ್ದಲ್ಲ. ಬಗ್ಗಿಸಿದೋರು, ಉಜ್ಜಿದೋರು, ಎಲ್ಲರದ್ದೂ."

"ಅಯ್ಯೋ, ಇಷ್ಟೊಂದು ಹೆಸರಿಗೆ ಜಾಗ ಎಲ್ಲಮ್ಮ? ನೋಡಿದ್ರೆ ಕೊಳ್ಳೋರು ನಗ್ತಾರೆ!"

"ಹಾಗಾದ್ರೆ ಯಾರದ್ದೂ ಬೇಡ. ಅವನದ್ದಂತೂ ಬೇಡವೇ ಬೇಡ. ಬರೆದು ಕೊಡಿ."

ಮಾಲೀಕರು ಹಲ್ಲು ಕಚ್ಚಿಕೊಂಡು ಬರೆದುಕೊಟ್ಟರು. ಅಕ್ಕ ಅದನ್ನು ಎರಡು ಸಲ ಓದಿ, ಮಡಚಿ ಜೇಬಿಗೆ ಹಾಕಿಕೊಂಡ ಮೇಲೆಯೇ ಗ್ಯಾಸ್ ತಿರುಗಿಸಿದಳು.

ಮನೆಯಲ್ಲಿ ಗಂಡ ಎಲ್ಲವನ್ನೂ ಕೇಳಿ ಹಿಗ್ಗಿದ. "ಗೆದ್ದೆ ಬಿಡು!"

"ಏನು ಗೆದ್ದೆ?" ಅಕ್ಕ ತಟ್ಟೆಯನ್ನು ಠಣ್ ಎಂದು ಕುಕ್ಕಿದಳು. "ಅವನ ಸಹಿಗೆ ಜಾಗ ಇತ್ತು. ಮಾಡಿದ ಮೂರು ಜನರ ಹೆಸರಿಗೆ ಅಷ್ಟುದ್ದ ಪೈಪಲ್ಲಿ ಜಾಗ ಸಿಗ್ಲಿಲ್ವಂತೆ!"