ವಾರಗಿತ್ತಿಯರ ಬೇಗಲ್

ಗೋಕುಲ ರಸ್ತೆಯ ಆ ಮನೆಯಲ್ಲಿ ಅಡುಗೆಮನೆ ಒಂದೇ, ಒಲೆ ಎರಡು. ಅತ್ತೆ ತೀರಿಕೊಂಡ ತಿಂಗಳೊಪ್ಪತ್ತಿನಲ್ಲೇ ವಾರಗಿತ್ತಿಯರು ಒಲೆ ಬೇರೆ ಮಾಡಿಕೊಂಡಿದ್ದರು. ಫ್ರಿಜ್ಜನ್ನೂ ನಲ್ಲಿಯನ್ನೂ ತುಂಡು ಮಾಡಲು ಬರುವುದಿಲ್ಲವಲ್ಲ, ಅವಷ್ಟೇ ಇಬ್ಬರಿಗೂ ಸೇರಿ ಉಳಿದವು. ಹಿರಿಯ ಸುಲಭಾ ಕಿರಿಯ ಭಾಗ್ಯಾಳಿಗೆ ಏನಾದರೂ ಹೇಳಬೇಕೆಂದರೆ ಫ್ರಿಜ್ಜಿಗೆ ಹೇಳುತ್ತಿದ್ದಳು. ಭಾಗ್ಯಾ ಗೋಡೆಗೆ ಉತ್ತರ ಕೊಡುತ್ತಿದ್ದಳು. ಎಂಥ ಚಂದದ ಸಂಸಾರ!

ಭಾಗ್ಯಾಳಿಗೆ ಈ ಮನೆ ಸಾಕಾಗಿಹೋಗಿತ್ತು. ಗಂಡ ಅಂಬರೀಷ, "ನಿನಗೂ ಒಂದು ಕೆಲಸ ಸಿಗಲಿ, ಬ್ಯಾರೆ ಮನಿ ಮಾಡೂಣು" ಎಂದಿದ್ದ. ವಿದ್ಯಾನಗರದಲ್ಲಿ ಹೊಸದಾಗಿ ಕೆಫೆ ತೆರೆದ ಮಹೆಕ, "ಬೇಗಲ್ ಮಾಡಿ ತರ್ರಿ, ರುಚಿ ನೋಡಿ ಹೇಳ್ತೇನಿ" ಎಂದು ಕರೆದಿದ್ದಳು. ಬೇಗಲ್ ಎಂದರೆ ನಡುವೆ ತೂತಿರುವ ದುಂಡನೆಯ ಬ್ರೆಡ್ಡು. ಈಸ್ಟ್ ಹಾಕಿ ತಾಸುಗಟ್ಟಲೆ ಕಾಯುವ ಬದಲು ಮೈದಾ, ಬೇಕಿಂಗ್ ಪೌಡರು, ಉಪ್ಪು, ಗಟ್ಟಿ ಮೊಸರು ಕಲಸಿದರೆ ಲಗುಬಗೆಯಲ್ಲಿ ಆಗುತ್ತದೆ. ಆದರೆ ಮೊಸರಿನಲ್ಲಿ ನೀರಿರಬಾರದು. ಭಾಗ್ಯಾ ಹಿಂದಿನ ಸಂಜೆಯೇ ಮೊಸರನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ರೂಢಿಯಂತೆ ನಲ್ಲಿಗೆ ತೂಗುಬಿಟ್ಟಳು. ಎಡವಟ್ಟಾದದ್ದು ಅಲ್ಲೇ.

ಅತ್ತೆಯ ಕಾಲದಿಂದಲೂ ಆ ಮನೆಯಲ್ಲಿ ನಲ್ಲಿಗೆ ಮೊಸರು ಕಟ್ಟಿದರೆ ಶ್ರೀಖಂಡ ಅಂತಲೇ ಅರ್ಥ. ಯಾರೇ ಕಟ್ಟಿರಲಿ, ಬೆಳಗ್ಗೆ ಮೊದಲು ಎದ್ದವರು ಸಕ್ಕರೆ ಬೆರೆಸಬೇಕು. ಭಾಗ್ಯಾ ಎದ್ದು ಬರುವಷ್ಟರಲ್ಲಿ ಬಟ್ಟೆ ತೊಳೆದು ಒಣಹಾಕಿ ಆಗಿತ್ತು. ಫ್ರಿಜ್ಜಿನಲ್ಲಿ ಪಾತ್ರೆ ತುಂಬ ಶ್ರೀಖಂಡ.

"ಯಾರನ್ನ ಕೇಳಿ ಮುಟ್ಟ್ಯಾರ?" ಭಾಗ್ಯಾ ಗೋಡೆಯತ್ತ ಕೂಗಿದಳು.

"ಈ ಮನ್ಯಾಗ ನಲ್ಲಿಗೆ ಕಟ್ಟಿದ್ದು ಎಲ್ಲಾರದೂ," ಸುಲಭಾ ಫ್ರಿಜ್ಜಿಗೆ ಹೇಳಿದಳು. "ರೀತಿ ರಿವಾಜು ಬಿಟ್ಟವರಿಗೆ ಹೆಂಗ ಗೊತ್ತಾಗಬೇಕು?"

"ಇವತ್ತ ನಾ ಕೆಫೆಗೆ ಹೋಗೂದು ಗೊತ್ತಿದ್ದ ಮಾಡ್ಯಾರ. ಹೊಟ್ಟಿಕಿಚ್ಚು!"

"ಹೊಟ್ಟಿಕಿಚ್ಚು ಪಡಾಕ ಅಕಿ ಹತ್ರ ಏನೈತಂತ?"

ಭಾಗ್ಯಾಳ ಮೈಯೆಲ್ಲ ಉರಿದುಹೋಯಿತು. ಬೇರೆ ಮೊಸರು ಕಟ್ಟಲು ಹೊತ್ತಿರಲಿಲ್ಲ. ಶ್ರೀಖಂಡದ ಪಾತ್ರೆಯನ್ನೇ ಎತ್ತಿ ಮೈದಾಕ್ಕೆ ಸುರಿದಳು. ಸಕ್ಕರೆಗೆ ಹಿಟ್ಟು ಕೈಗಂಟಿತು. ಇನ್ನಷ್ಟು ಮೈದಾ ಹಾಕಿ, ಸುಲಭಾಳ ಮುಖವೇ ಕೈಗೆ ಸಿಕ್ಕಂತೆ ನಾದಿದಳು. ಹೊಸೆದು, ತುದಿ ಕೂಡಿಸಿ, ಹಾಲು ಸವರಿ, ಎಳ್ಳು ಉದುರಿಸಿ ಓವನ್ನಿಗೆ ತಳ್ಳಿದಳು. ಖಾಲಿ ಪಾತ್ರೆ ನೋಡಿ ಸುಲಭಾ ಹಲ್ಲು ಕಡಿದಳು. ಭಾಗ್ಯಾಳಿಗೆ ಅಷ್ಟೇ ಸಮಾಧಾನ.

ಕೆಫೆಯಲ್ಲಿ ಮಹೆಕ ಒಂದು ತುಂಡು ಮುರಿದು ಬಾಯಿಗಿಟ್ಟಳು. ಇನ್ನೊಂದು ಮುರಿದಳು.

"ಶ್ರೀಖಂಡದ ಬೇಗಲ್ರಿ," ಎಂದಳು ಭಾಗ್ಯಾ.

"ಭಾಳ ಛಲೋ ಆಗ್ಯಾವ್ರಿ! ಶ್ರೀಖಂಡಾನೂ ನೀವ ಮಾಡಿದ್ರಿ?"

"ಹೌದ್ರಿ."

"ಹಂಗಾರ ಕೆಲಸಕ್ಕ ಬರ್ರಿ. ಆದ್ರ ದಿನಾ ಇದ ರುಚಿ ಬೇಕ್ರಿ ಮತ್ತ."

ಮನೆಗೆ ಬರುವ ದಾರಿಯುದ್ದಕ್ಕೂ ಭಾಗ್ಯಾಳಿಗೆ ಖುಷಿಗಿಂತ ಸಿಟ್ಟೇ ಹೆಚ್ಚು. ಅವಳ ಕೈಯ ಶ್ರೀಖಂಡ ಎಂದೂ ಹದಕ್ಕೆ ಬಂದದ್ದಿಲ್ಲ. ಒಮ್ಮೆ ಹುಳಿ, ಒಮ್ಮೆ ನೀರು. ಯಾರ ಕಾಟ ತಪ್ಪಲೆಂದು ಕೆಲಸ ಹುಡುಕಿದಳೋ ಆ ಹೆಂಗಸಿನ ಕೈಯೇ ಈಗ ಬೇಕು. ಅವಮಾನ ನುಂಗಿಕೊಂಡು ಗೋಡೆಗೆ ಹೇಳಿದಳು:

"ಕೆಲಸ ಸಿಕ್ಕೈತಿ. ಆದ್ರ ದಿನಾ ಇವತ್ತ ಮುಂಜಾನಿ ಶ್ರೀಖಂಡದ ರುಚೀನ ಬೇಕಂತ. ಯಾರರ ಮಾಡಿಕೊಟ್ರ ನಾವು ಬ್ಯಾರೆ ಮನಿಗೆ ಹೋಗ್ತೇವಿ."

ಸುಲಭಾ ನೇರ ಅವಳ ಮುಖಕ್ಕೇ ತಿರುಗಿದಳು.

"ಖರೇನ ಹೋಗ್ತಿ?"

"ಹೋಗ್ತೇನಿ."

"ಹಂಗಾರ ದಿನಾ ಮಾಡಿಕೊಡ್ತೇನಿ. ನೀ ಹೋದ ಮ್ಯಾಲೂ ಡಬ್ಬಿ ಕಳಸ್ತೇನಿ. ಕೆಲಸ ಮಾತ್ರ ಬಿಡಬ್ಯಾಡ, ತಿರುಗಿ ಈ ಮನಿಗೆ ಬರಬ್ಯಾಡ."

ಭಾಗ್ಯಾಳಿಗೆ ಎರಡು ಬಾರಿಸಿಬಿಡುವಷ್ಟು ಸಿಟ್ಟು ಬಂತು. ಎಲ್ಲಿ ಮನೆ ಮಾಡಿದರೂ ದಿನಾ ಬೆಳಗ್ಗೆ ಇವಳ ಡಬ್ಬಿಗೆ ಕಾದು ಕೂರಬೇಕು ತಾನು.

"ಸಂಜೀಕ ಮೊಸರು ತಂದಿಡ್ತೇನ್ರಿ, ಅಕ್ಕಾ," ಎಂದಳು.