ಒಂಬೈನೂರ ನಲವತ್ತು ಗ್ರಾಂ

ನನ್ನ ಕೈಯೇ ತಕ್ಕಡಿ ಅಂತ ಇಡೀ ಕಚೇರಿಗೆ ಗೊತ್ತಿತ್ತು. ಅಂಚೆ ಕಚೇರಿಯ ಪಾರ್ಸಲ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತವಳು ನಾನು. ಗಂಟು ಕೈಗೆ ಬಂದ ತಕ್ಷಣ ತೂಕ ಹೇಳಿಬಿಡುತ್ತಿದ್ದೆ, ಆಮೇಲೆ ಶಾಸ್ತ್ರಕ್ಕೆ ಅಂತ ಯಂತ್ರದ ಮೇಲೆ ಇಡುತ್ತಿದ್ದೆ. ಹತ್ತು ಗ್ರಾಂ ಆಚೀಚೆ ಬಂದರೆ ಯಂತ್ರ ಕೆಟ್ಟಿದೆ ಅನ್ನುತ್ತಿದ್ದೆ. ಬಹಳ ಸಲ ಕೆಟ್ಟೂ ಇರುತ್ತಿತ್ತು. ಜಂಬ ಕೊಚ್ಚಿಕೊಳ್ಳುತ್ತಾಳೆ ಅಂದುಕೊಳ್ಳಬೇಡಿ, ಇನ್ನು ಮುಂದೆ ಹೇಳೋದರಲ್ಲಿ ಜಂಬ ಪಡುವಂಥದ್ದು ಏನೂ ಇಲ್ಲ.

ನನ್ನ ಮೊಮ್ಮಗಳು ಹುಟ್ಟಿ ಆ ಭಾನುವಾರಕ್ಕೆ ವರ್ಷ ತುಂಬುವುದಿತ್ತು. ಅಲ್ಲಿಯವರೆಗೆ ನಾನು ಅವಳನ್ನು ಒಂದೇ ಒಂದು ಸಲವೂ ಎತ್ತಿಕೊಂಡಿರಲಿಲ್ಲ.

ಎರಡೂವರೆ ತಿಂಗಳು ಮುಂಚೆಯೇ ಹುಟ್ಟಿದ ಮಗು ಅದು. ಒಂಬೈನೂರ ನಲವತ್ತು ಗ್ರಾಂ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಮೂಗಿಗೊಂದು ನಳಿಕೆ, ಕಾಲಿಗೊಂದು ತಂತಿ. ದಿನಾ ಬೆಳಿಗ್ಗೆ ತೂಕ ಮಾಡಿ ಚೀಟಿಯಲ್ಲಿ ಬರೆಯುತ್ತಿದ್ದರು. ಎರಡನೇ ದಿನ ಒಂಬೈನೂರ ಐದು, ಮೂರನೇ ದಿನ ಎಂಟುನೂರ ಎಂಬತ್ತು. ಮೊದಮೊದಲು ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತವೆ, ಹೆದರಬೇಡಿ ಅಂದರು ಡಾಕ್ಟರು. ನಾಲ್ಕನೇ ದಿನ ಆ ವಾರ್ಡಿನ ದೊಡ್ಡ ಸಿಸ್ಟರ್ ನನ್ನನ್ನು ಕರೆದು, ಅಜ್ಜೀ, ಕೈ ತೊಳೆದು ಬನ್ನಿ, ಒಂದು ನಿಮಿಷ ಹಿಡ್ಕೊಳ್ಳಿ ಅಂದರು. ಶೀತ ಆಗಿದೆ ಅಂತ ಸುಳ್ಳು ಹೇಳಿ ಹೊರಗೆ ಬಂದುಬಿಟ್ಟೆ.

ಯಾಕೆ ಅಂತ ಯಾರಿಗೆ ಹೇಳಲಿ? ಕಣ್ಣಿಗೆ ಸಮಾಧಾನ ಹೇಳಬಹುದು, ಕಿವಿಗೂ ಹೇಳಬಹುದು. ಕೈ ಮಾತ್ರ ನನ್ನ ಮಾತು ಕೇಳುವುದಿಲ್ಲ. ಎತ್ತಿಕೊಂಡ ಕ್ಷಣಕ್ಕೆ ತೂಕ ಹೇಳಿಬಿಡುತ್ತದೆ. ಇದು ಉಳಿಯೋ ತೂಕ ಅಲ್ಲ ಅಂತ ನನ್ನ ಕೈಯೇ ನನಗೆ ಹೇಳಿಬಿಟ್ಟರೆ ಆಮೇಲೆ ನಾನು ಮಗ ಸೊಸೆಯ ಮುಖ ಹೇಗೆ ನೋಡಲಿ?

ಮಗು ಉಳಿಯಿತು. ಎಪ್ಪತ್ತು ದಿನಕ್ಕೆ ಮನೆಗೂ ಬಂತು. ತಾತ, ಅಂದರೆ ನಮ್ಮನೆಯವರು, ಅದಕ್ಕೆ 'ಡುಮ್ಮಿ' ಅಂತ ಹೆಸರಿಟ್ಟರು, ಕಡ್ಡಿಯ ಹಾಗಿದ್ದ ಮಗುವಿಗೆ. ನನ್ನ ಭಯ ಮಾತ್ರ ಮನೆಗೆ ಬಂದ ಮೇಲೂ ಹೋಗಲಿಲ್ಲ, ಮೇಲೆ ನಾಚಿಕೆ ಬೇರೆ ಸೇರಿಕೊಂಡಿತು. ಎಪ್ಪತ್ತು ದಿನ ಮುಟ್ಟದವಳು ಈಗ ಯಾವ ಮುಖ ಇಟ್ಟುಕೊಂಡು ಕೈ ಚಾಚಲಿ? ಸೊಂಟ ಹಿಡಿದುಕೊಂಡಿದೆ ಅಂದೆ. ನಂಬಲಿ ಅಂತ ಔಷಧಿ ಅಂಗಡಿಯಿಂದ ಒಂದು ಸೊಂಟದ ಬೆಲ್ಟೂ ತಂದು ಬಿಗಿದುಕೊಂಡೆ. ಮಗುವಿನ ಬಟ್ಟೆ ಒಗೆದೆ, ಬಾಟಲಿ ಕುದಿಸಿದೆ, ತೊಟ್ಟಿಲು ತೂಗಿದೆ, ಗಂಟಲು ಕಟ್ಟುವ ತನಕ ಹಾಡಿದೆ. ಅತ್ತರೆ ಮಾತ್ರ, ಏನ್ರೀ, ಬನ್ನಿ ಇಲ್ಲಿ, ಎತ್ತಿಕೊಳ್ಳಿ ಅಂತ ನಮ್ಮನೆಯವರನ್ನು ಕೂಗುತ್ತಿದ್ದೆ. ಅವರು ಬರುತ್ತಿದ್ದರು, ಎತ್ತಿಕೊಳ್ಳುತ್ತಿದ್ದರು, ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಸೊಸೆ ಔಷಧಿ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ವರ್ಷದ ರಜೆ ಮುಗಿದು, ಹುಟ್ಟುಹಬ್ಬದ ಮಾರನೇ ದಿನವೇ ಡ್ಯೂಟಿಗೆ ಹೋಗಬೇಕಾಗಿತ್ತು. ಮಾತು ಕಡಿಮೆ ಅವಳದು. ನಾನು ಹತ್ತು ಆಡಿದರೆ ಅವಳದು ಒಂದು, ಅದೂ ಬೇಕಾದಾಗ ಮಾತ್ರ. ಹುಟ್ಟುಹಬ್ಬಕ್ಕೆ ವಾರ ಇರುವಾಗ ಫ್ರಿಜ್ಜಿನ ಮೇಲೆ ಒಂದು ಅರ್ಜಿ ನೋಡಿದೆ, ಡೇ ಕೇರಿನದು. ಎಲ್ಲ ತುಂಬಿಸಿದ್ದಳು, ಸಹಿ ಒಂದು ಬಾಕಿ. ಮಧ್ಯದಲ್ಲಿ ಒಂದು ಪ್ರಶ್ನೆ: ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಇದ್ದಾರೆಯೇ? ಅದರ ಮುಂದೆ ಅವಳ ದುಂಡನೆಯ ಅಕ್ಷರದಲ್ಲಿ 'ಇಲ್ಲ' ಅಂತ ಬರೆದಿತ್ತು.

ಬೇರೆ ಯಾರಾದರೂ ಬರೆದಿದ್ದರೆ ಮನೆ ಹಾರಿಹೋಗುವ ಹಾಗೆ ಜಗಳ ಆಡುತ್ತಿದ್ದೆ, ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರೋದು. ಆವತ್ತು ಕಾಗದವನ್ನು ಇದ್ದಲ್ಲೇ ಇಟ್ಟೆ. ತಪ್ಪೇನು ಬರೆದಿದ್ದಾಳೆ? ತಾತನಿಗೆ ಕೈಯಲ್ಲಿ ಶಕ್ತಿ ಕಡಿಮೆ, ಹತ್ತು ನಿಮಿಷ ಎತ್ತಿಕೊಂಡರೆ ಏದುಸಿರು ಬರುತ್ತೆ. ಅಜ್ಜಿ ಎತ್ತಿಕೊಳ್ಳುವುದೇ ಇಲ್ಲ. ನನಗೆ ಮಗು ಮನೆಯಲ್ಲೇ ಇರಬೇಕು ಅಂತ ಎಷ್ಟು ಆಸೆ ಇತ್ತು ಅಂದರೆ, ಆ ಕಾಗದವನ್ನು ದಿನಕ್ಕೆ ಹತ್ತು ಸಲ ಹೋಗಿ ಓದಿ ಬರುತ್ತಿದ್ದೆ.

ಪಾರ್ಟಿಗೆ ಇಪ್ಪತ್ತನಾಲ್ಕು ಜನ. ಅದರಲ್ಲಿ ಆ ವಾರ್ಡಿನ ಡಾಕ್ಟರೂ ಸಿಸ್ಟರುಗಳೂ ಇದ್ದರು. ಆ ಎಪ್ಪತ್ತು ದಿನವೂ ಕ್ಯಾಂಟೀನಿನ ಒಣಕಲು ಬನ್ನೇ ಅವರಿಗೂ ಸೊಸೆಗೂ ಗತಿಯಾಗಿತ್ತಂತೆ. ಅವರಿಗೆ ಮನೆಯಲ್ಲೇ ಪುಟ್ಟ ಪುಟ್ಟ ಬನ್ನು ಮಾಡಿ, ಬಿಸಿಬಿಸಿಯಾಗಿ ಬೆಣ್ಣೆ ಹಚ್ಚಿ ಕೊಡಬೇಕು ಅಂತ ಅವಳ ಆಸೆ. ನಾನು ಮಾಡ್ತೀನಿ ಬಿಡು ಅಂದೆ. ಜನ್ಮದಲ್ಲಿ ಬನ್ನು ಮಾಡಿದವಳಲ್ಲ. ಆದರೂ ಆ 'ಇಲ್ಲ' ಅನ್ನುವುದಕ್ಕೆ ನಾನು ಏನಾದರೂ ಮಾಡಲೇಬೇಕಿತ್ತು, ಕೈಗೆ ಸಿಕ್ಕಿದ್ದು ಇದು.

ಬೀದಿ ಮೂಲೆಯ ಬೇಕರಿಯವನು ಅಳತೆಯನ್ನೆಲ್ಲ ಒಂದು ಕಾಗದದ ಚೀಲದ ಮೇಲೆ ಬರೆದುಕೊಟ್ಟ. ಎರಡು ಸಲ ಕಲಸಿದರೂ ಬೇಕಾಗಿದ್ದು ಒಂದು ಕಿಲೋ ಚಿಲ್ಲರೆ ಮೈದಾ. ಕೆಟ್ಟರೆ ಮತ್ತೆ ಮಾಡಬಹುದು, ಮತ್ತೆ ಕೆಟ್ಟರೆ ಇನ್ನೊಮ್ಮೆ, ಅಂತ ನಾನು ಹತ್ತು ಕಿಲೋ ಚೀಲವನ್ನೇ ಹೆಗಲಿಗೇರಿಸಿಕೊಂಡು ಎರಡು ಮಹಡಿ ಹತ್ತಿದೆ. ಬಾಗಿಲಲ್ಲಿ ಸೊಸೆ ನಿಂತಿದ್ದಳು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು. ನನ್ನ ಬೆಲ್ಟು ಅವಳ ಹಿಂದೆ ತಂತಿಯ ಮೇಲೆ ಒಣಗುತ್ತಿತ್ತು. ಅವಳು ಚೀಲ ನೋಡಿದಳು, ನನ್ನ ಸೊಂಟ ನೋಡಿದಳು, ದಾರಿ ಬಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಭಾನುವಾರ ಬೆಳಿಗ್ಗೆ ಏಳಕ್ಕೇ ಅಡುಗೆಮನೆ ಸೇರಿದೆ. ಉಗುರುಬೆಚ್ಚಗಿನ ಹಾಲಿಗೆ ಚೂರು ಸಕ್ಕರೆ, ಯೀಸ್ಟು ಹಾಕಿ ಪಕ್ಕಕ್ಕಿಟ್ಟೆ. ಹತ್ತು ನಿಮಿಷಕ್ಕೆ ನೋಡಿದರೆ ನೊರೆ ಎದ್ದು ಗುಳುಗುಳು ಅನ್ನುತ್ತಿದೆ. ಮರಳಿನ ಹಾಗೆ ಸತ್ತು ಬಿದ್ದಿದ್ದ ಕಾಳುಗಳು! ಏನ್ರೀ, ಬನ್ನಿ, ಇದಕ್ಕೆ ಜೀವ ಇದೆ ಅಂತ ಕೂಗಿದೆ. ನಮ್ಮನೆಯವರು ಬಂದು ಬಟ್ಟಲಿಗೆ ಕಿವಿಗೊಟ್ಟು ಕೇಳಿ, ಹೌದು ಕಣೇ, ಇದೂ ನಿನ್ನ ಹಾಗೇ ಗೊಣಗುತ್ತೆ ಅಂದು ಹೊರಟುಹೋದರು.

ಮೈದಾ, ಉಪ್ಪು, ಬೆಣ್ಣೆ ಹಾಕಿ ನಾದತೊಡಗಿದೆ. ಮೊದಲು ಕೈಗೆ ಮೆತ್ತಿಕೊಂಡು ಪ್ರಾಣ ತಿಂದಿತು. ಇಪ್ಪತ್ತು ನಿಮಿಷ ನಾದಬೇಕು, ಮಧ್ಯದಲ್ಲಿ ಹಿಟ್ಟು ಸೇರಿಸಿ ಮೋಸ ಮಾಡಬೇಡಿ ಅಂದಿದ್ದ ಬೇಕರಿಯವನು. ನಾದಿದೆ. ಹದಿನೈದನೇ ನಿಮಿಷಕ್ಕೆ ಅದೇನಾಯಿತೋ, ಅಂಟು ಬಿಟ್ಟಿತು. ನುಣ್ಣಗಾಯಿತು, ಬೆಚ್ಚಗಾಯಿತು. ಬೆರಳಿಂದ ಒತ್ತಿದರೆ ಕುಳಿ ಬಿದ್ದು, ಮೆಲ್ಲಗೆ ತಾನೇ ತುಂಬಿಕೊಳ್ಳುತ್ತಿತ್ತು. ಬಟ್ಟಲಿಗೆ ಹಾಕೋಣ ಅಂತ ಎರಡೂ ಕೈಯಲ್ಲಿ ಎತ್ತಿದೆ.

ಒಂಬೈನೂರ ನಲವತ್ತು, ಅಂತು ಕೈ.

ಅಳತೆ ಎಲ್ಲ ಕೂಡಿಸಿ ನೋಡಿದೆ: ಮೈದಾ ಐನೂರೈವತ್ತು, ಹಾಲು ಮುನ್ನೂರಿಪ್ಪತ್ತು, ಬೆಣ್ಣೆ ನಲವತ್ತು, ಉಳಿದದ್ದು ಮೂವತ್ತು. ಕೈ ತಪ್ಪು ಹೇಳಿರಲಿಲ್ಲ. ಹಾಗೇ ಸ್ಟೂಲಿನ ಮೇಲೆ ಕೂತೆ. ನನ್ನ ಎರಡು ಅಂಗೈ ತುಂಬುವಷ್ಟಿತ್ತು, ಅಷ್ಟೇ. ಇಷ್ಟರಲ್ಲೇ ಅವಳು ಪೂರ್ತಿ ಇದ್ದಳು! ಕಣ್ಣು, ಕಿವಿ, ಇಪ್ಪತ್ತು ಉಗುರು, ಈಗ ಚಮಚ ಎಸೆಯುವ ಆ ಸಿಟ್ಟು, ತಾತನ ಕನ್ನಡಕ ಕಿತ್ತು ನಗುವ ಆ ನಗು, ಎಲ್ಲ ಇಷ್ಟರಲ್ಲೇ ಇತ್ತು. ಮೂವತ್ತೊಂದು ವರ್ಷ ಕಂಡವರ ಗಂಟು ಎತ್ತಿ ಇಳಿಸಿದ್ದೇನೆ, ಒಂದು ತೂಕಕ್ಕೆ ಹೀಗೆ ಮೈ ಜುಮ್ಮೆಂದದ್ದು ಅದೇ ಮೊದಲು. ತಣ್ಣಗಾದೀತು ಅಂತ ಒಂದು ಬಟ್ಟೆ ಹೊದಿಸಿದೆ. ಬಟ್ಟೆ ಹೊದಿಸಿ ಎದೆಗೆ ಒತ್ತಿಕೊಂಡೆ. ಹುಚ್ಚಿ ಅಂದರೂ ಚಿಂತೆಯಿಲ್ಲ, ಒತ್ತಿಕೊಂಡೆ.

ತಲೆ ಎತ್ತಿದರೆ ಬಾಗಿಲಲ್ಲಿ ಸೊಸೆ. ಹಾಲಿನ ಬಾಟಲಿಗೆ ಬಂದಿರಬೇಕು.

"ಎಷ್ಟಿದೆ ಅತ್ತೆ?" ಅಂದಳು.

"ಒಂಬೈನೂರ ನಲವತ್ತು."

ಅವಳು ಹತ್ತಿರ ಬಂದಳು. ಬಟ್ಟೆ ಸರಿಸಿ ಒಂದು ಬೆರಳಿನಿಂದ ಹಿಟ್ಟನ್ನು ಮುಟ್ಟಿ, ಕುಳಿ ತುಂಬಿಕೊಳ್ಳುವ ತನಕ ನೋಡಿದಳು. ಆಮೇಲೆ ಬಾಟಲಿಯನ್ನೂ ತೆಗೆದುಕೊಳ್ಳದೆ ಹೊರಟುಹೋದಳು. ಮನಸ್ಸಿಗೆ ನೋವಾಗಿರಬೇಕು, ಮಗಳನ್ನು ಮುಟ್ಟದವಳು ಹಿಟ್ಟು ಹಿಡಿದುಕೊಂಡು ಮುದ್ದು ಮಾಡುತ್ತಾಳೆ ಅಂದುಕೊಂಡಿರಬೇಕು ಅಂತ ಸಂಕಟಪಟ್ಟುಕೊಂಡೆ.

ಒಂದೂವರೆ ಗಂಟೆ ಕಳೆದು ಬಟ್ಟಲಿನ ಬಟ್ಟೆ ತೆಗೆದರೆ ಹಿಟ್ಟು ಅಂಚಿನ ತನಕ ಉಬ್ಬಿದೆ! ಬಟ್ಟಲು ಸಮೇತ ಎತ್ತಿ, ಬಟ್ಟಲಿನ ತೂಕ ಕಳೆದು ನೋಡಿದೆ. ತೂಕ ಅಷ್ಟೇ. ಗಾತ್ರ ಎರಡರಷ್ಟು, ತೂಕ ಒಂದಿಷ್ಟೂ ಹೆಚ್ಚಿಲ್ಲ. ಇಂಥ ಪಾರ್ಸಲ್ ನನ್ನ ಕೌಂಟರಿಗೆ ಯಾವತ್ತೂ ಬಂದಿರಲಿಲ್ಲ. ಇಪ್ಪತ್ತನಾಲ್ಕು ಉಂಡೆ ಮುರಿದೆ. ನಮ್ಮನೆಯವರು ಪರೀಕ್ಷೆ ಮಾಡುತ್ತೀನಿ ಅಂತ ತಕ್ಕಡಿ ತಂದು ಒಂದೊಂದೇ ಇಟ್ಟರು. ಮೂವತ್ತೊಂಬತ್ತು, ಮೂವತ್ತೊಂಬತ್ತು, ನಲವತ್ತು, ಮೂವತ್ತೊಂಬತ್ತು. ಎಂಟನೆಯದಕ್ಕೆ ಸೋತು ತಕ್ಕಡಿ ಎತ್ತಿಟ್ಟರು. ಓವನ್ನಿಗೆ ಹಾಕಿದ ಮೇಲೆ ಕುರ್ಚಿ ತಂದು ಅದರ ಗಾಜಿನ ಮುಂದೆ ಕೂತವರು ಅಲ್ಲಿಂದ ಏಳಲೇ ಇಲ್ಲ. ಬಿಳಿ ಉಂಡೆಗಳು ಉಬ್ಬಿ ಒಂದಕ್ಕೊಂದು ಭುಜ ತಾಗಿಸಿಕೊಂಡವು, ನೆತ್ತಿ ಮೆಲ್ಲಗೆ ಕೆಂಪಾಯಿತು. ವಾಸನೆ ಮೆಟ್ಟಿಲಿಳಿದು ಬೀದಿಗೆ ಹೋಗಿರಬೇಕು, ಕೆಳಗಿನ ಮನೆಯವಳು ಏನು ನಡೀತಾ ಇದೆ ಅಂತ ಮೇಲೆ ಬಂದು ವಿಚಾರಿಸಿದಳು. ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು, ಅವಳಿಗೆ ಉತ್ತರ ಹೇಳಿದ್ದು ನೆನಪಿಲ್ಲ.

ಮಧ್ಯಾಹ್ನ ಇನ್ನೊಂದು ಸಲ ಕಲಸಿದೆ. ನಾಲ್ಕಕ್ಕೆ ಜನ ಬಂದರು, ಮೊದಲ ತಟ್ಟೆಯನ್ನು ಮತ್ತೆ ಬಿಸಿ ಮಾಡಿ ತಂದಿಟ್ಟೆ. ಡಾಕ್ಟರು ನಾಲ್ಕು ಬನ್ನು ತಿಂದರು. ದೊಡ್ಡ ಸಿಸ್ಟರ್ ಒಂದನ್ನು ಬಿಡಿಸಿ, ಏಳುತ್ತಿದ್ದ ಹಬೆ ನೋಡಿ, ಬೆಣ್ಣೆ ಹಚ್ಚುವುದನ್ನೇ ಮರೆತು ತಿಂದರು. ಡುಮ್ಮಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿದ್ದಳು. ಆ ಸಾಲು ನನ್ನ ಹತ್ತಿರ ಬರುವುದು ಕಂಡದ್ದೇ, ಎರಡನೇ ತಟ್ಟೆ ಸೀದುಹೋಗುತ್ತೆ ಅಂತ ನಾನು ಅಡುಗೆಮನೆಗೆ ಓಡಿದೆ. ಅಲ್ಲಿ ಏನೂ ಸೀಯುತ್ತಿರಲಿಲ್ಲ. ಬನ್ನುಗಳನ್ನು ತೆಗೆದು ಕಟ್ಟೆಯ ಮೇಲಿಟ್ಟೆ.

ಸೊಸೆ ಮಗುವನ್ನೆತ್ತಿಕೊಂಡು ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದಳು.

"ನಿಮ್ಮ ಸೊಂಟಕ್ಕೆ ಏನೂ ಆಗಿಲ್ಲ ಅಲ್ವಾ ಅತ್ತೆ?" ಅಂದಳು.

ಇಲ್ಲ ಅಂದೆ. ಇನ್ನೊಂದು ಸುಳ್ಳು ಹುಟ್ಟಿಸಲು ನನ್ನಲ್ಲಿ ತ್ರಾಣ ಇರಲಿಲ್ಲ. ಚೀಟಿಯಲ್ಲಿ ದಿನಾ ಇಳಿಯುತ್ತಿದ್ದ ಆ ತೂಕ, ನನ್ನ ಕೈ, ನನ್ನ ಭಯ, ಆಮೇಲಿನ ನಾಚಿಕೆ, ಎಲ್ಲ ಒಂದೇ ಉಸಿರಿನಲ್ಲಿ ಒದರಿಬಿಟ್ಟೆ. ಅದಕ್ಕೆ ಅವಳು, ನಿಮಗೆ ಇವಳು ಬೇಡ ಅಂತಲೇ ನಾನು ಅಂದುಕೊಂಡಿದ್ದೆ, ಬೆಳಿಗ್ಗೆ ನೀವು ಹಿಟ್ಟು ಹಿಡಿದುಕೊಂಡು ಕೂತಿದ್ದನ್ನು ನೋಡುವ ತನಕ, ಅಂದಳು. ಆಮೇಲೆ ಮಗುವನ್ನು ಸೊಂಟದ ಇನ್ನೊಂದು ಪಕ್ಕಕ್ಕೆ ಬದಲಾಯಿಸಿಕೊಂಡಳು.

"ಹನ್ನೊಂದು ದಿನ ನಾನೂ ಇವಳನ್ನ ಮುಟ್ಟಿರಲಿಲ್ಲ ಅತ್ತೆ."

ಮೂರನೇ ದಿನವೇ ಎತ್ತಿಕೊಂಡೆ ಅಂತ ಅವಳು ನಮಗೆಲ್ಲ ಹೇಳಿದ್ದಳು. ಎಲ್ಲ ಸುಳ್ಳಂತೆ. ಆಪರೇಷನ್ನಿನ ಗಾಯ ನೋಯುತ್ತೆ, ಜ್ವರ ಬಂದ ಹಾಗಿದೆ, ಕೈ ಸರಿಯಾಗಿ ತೊಳೆದಿಲ್ಲ ಅಂತ ಸಿಸ್ಟರಿಗೆ ದಿನಕ್ಕೊಂದು ನೆಪ ಹೇಳಿದ್ದಳಂತೆ. ಒಂದು ಸಲ ಎದೆಗೆ ಹಾಕಿಕೊಂಡ ಮೇಲೆ ಮಗು ಹೋಗಿಬಿಟ್ಟರೆ ಬದುಕೋದು ಹೇಗೆ ಅನ್ನಿಸುತ್ತಿತ್ತಂತೆ. ಈ ಮಾತು ನನ್ನ ಮಗನಿಗೂ ಗೊತ್ತಿಲ್ಲವಂತೆ.

"ಮತ್ತೆ ಹೇಗೆ ಎತ್ತಿಕೊಂಡೆ?" ಅಂತ ಕೇಳಿದೆ.

"ಹನ್ನೆರಡನೇ ದಿನ ದೊಡ್ಡ ಸಿಸ್ಟರ್ ನನ್ನ ಕೇಳಲೇ ಇಲ್ಲ. ತಂದು ಕೊಟ್ಟರು, ಹೋದರು."

ಹಾಗಂದವಳೇ ಡುಮ್ಮಿಯನ್ನು ನನ್ನ ಕೈಗೆ ಕೊಟ್ಟು, ಬನ್ನಿನ ತಟ್ಟೆ ಎತ್ತಿಕೊಂಡು ಹೊರಗೆ ಹೋದಳು.

ನಾನು ಹಿಡಿದುಕೊಂಡೆ. ಹಿಡಿದುಕೊಳ್ಳದೆ ಏನು ಮಾಡಲಿ, ಕೊಟ್ಟುಬಿಟ್ಟಿದ್ದಳಲ್ಲ. ಕೈ ತೂಕ ಹೇಳಿತೋ ಇಲ್ಲವೋ ನನಗೆ ಗೊತ್ತಿಲ್ಲ, ಯಾಕೆಂದರೆ ಆ ಮಗು ಒಂದು ಕಡೆ ನಿಂತರೆ ತಾನೇ! ಒದ್ದಳು, ಬಾಗಿದಳು, ನನ್ನ ಕಿವಿ ಹಿಡಿದು ಎಳೆದಳು. ಆಮೇಲೆ ನನ್ನ ಕೆನ್ನೆ ಒದ್ದೆಯಾಗಿದ್ದು ಕಂಡು, ಅದನ್ನು ಬೆರಳಿನಿಂದ ಮುಟ್ಟಿ, ಬೆರಳು ಬಾಯಿಗಿಟ್ಟುಕೊಂಡು ಉಪ್ಪಾಯಿತು ಅಂತ ಮುಖ ಸಿಂಡರಿಸಿದಳು. ನಾನು ಒಂದು ವರ್ಷ ತಪ್ಪಿಸಿಕೊಂಡು ಓಡಾಡಿದ್ದು ಇವಳಿಂದಲೇ. ಬೆಣ್ಣೆ ಕೇಳಲು ಬಂದ ನಮ್ಮನೆಯವರು ನಮ್ಮನ್ನು ನೋಡಿ, ಬೆಣ್ಣೆ ತೆಗೆದುಕೊಳ್ಳದೆ ಹಾಗೇ ವಾಪಸ್ಸು ಹೋದರು.

ಹೊರಗೆ ದೊಡ್ಡ ಸಿಸ್ಟರಿನ ಮಾತು ಕೇಳಿಸಿತು. ನಾಳೆಯಿಂದ ನೀನು ಡ್ಯೂಟಿಗೆ ಹೋದರೆ ಮಗು ಯಾರ ಹತ್ತಿರ ಇರುತ್ತೆ ಅಂತ ಕೇಳುತ್ತಿದ್ದರು.

"ನಮ್ಮತ್ತೆ ಹತ್ತಿರ," ಅಂದಳು ಸೊಸೆ, ಇನ್ನೊಂದು ಬನ್ನು ಹಾಕಿಸಿಕೊಳ್ಳಿ ಅನ್ನುತ್ತಾ.