ಪತ್ರದ ಮೂರನೆಯ ಸಾಲು

ನಾಯಿ ಬಿಟ್ಟು ಹೋಗುವವರು ಗೇಟು ದಾಟುವ ಮುಂಚೆ ಏನಾದರೊಂದು ಹೇಳಿಯೇ ಹೇಳುತ್ತಾರೆ. ಸಿಡಿಲಿಗೆ ಹೆದರುತ್ತದೆ, ಒಣಮೀನು ಹಾಕಬೇಡಿ, ಮಲಗಲು ಇದರ ಚಿಂದಿ ಇಲ್ಲಿದೆ. ಕ್ರಿಸಾಂತೋ ಏನೂ ಹೇಳಲಿಲ್ಲ. ಹಗ್ಗ ಕೊಟ್ಟ, ಕೈ ಒರೆಸಿಕೊಂಡ, ಪಿಕಪ್ ಹತ್ತಿದ.

ರೆನ್ಯೆಲ್‌ಗೆ ಅನುಮಾನ ಹುಟ್ಟಿದ್ದು ಅಲ್ಲೇ. ನಾಯಿ ಪಳಗಿಸಿ ಕೊಡುವುದು ಅವನ ಕೆಲಸ, ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಪುಸ್ತಕ ಓದುವುದು ಕಷ್ಟವಾದರೂ ಹಗ್ಗ ಹಿಡಿದವರ ಮುಖ ಓದಲು ಬರುತ್ತಿತ್ತು. ಕ್ರಿಸಾಂತೋ ತುಂಬಿಕೊಟ್ಟ ಫಾರಮ್ಮನ್ನು ಸಂಜೆ ಮತ್ತೆ ತೆಗೆದು ನೋಡಿದ. 'ಯಾರನ್ನಾದರೂ ಕಚ್ಚಿದೆಯೇ?' ಎಂಬ ಕಡೆ ಮೊದಲು ಬರೆದಿದ್ದನ್ನು ಬಿಳಿ ಬಣ್ಣ ಬಳಿದು ಮುಚ್ಚಲಾಗಿತ್ತು. ಅದರ ಮೇಲೆ ದಪ್ಪಗೆ 'ಇಲ್ಲ'. ಹಾಳೆಯನ್ನು ಬೆಳಕಿಗೆ ಹಿಡಿದ. ಅಡಿಯಲ್ಲಿದ್ದದ್ದು ಕಾಣಲಿಲ್ಲ.

ಮೂರನೇ ದಿನಕ್ಕೇ ಕ್ರಿಸಾಂತೋನ ಫೋನ್ ಬಂತು. "ತೋತೋ, ಲೆಟರ್ ರೆಡಿ ಆಯ್ತಾ?"

"ಯಾವ ಲೆಟರ್, ನೋಂಗ್?" ಆ ಕಡೆ ಹಿರಿಯನನ್ನು ನೋಂಗ್ ಎಂದೂ ಕಿರಿಯನನ್ನು ತೋತೋ ಎಂದೂ ಕರೆಯುತ್ತಾರೆ.

"ನಾಯಿ ಒಳ್ಳೇದು ಅಂತ. ನಿನ್ನ ಸಹಿ ಇರೋದು."

ನಾಯಿ ಹೇಗಿದೆ ಎಂದು ಕೇಳಲಿಲ್ಲ. ಐದನೇ ದಿನವೂ ಅದೇ ಮಾತು, ಏಳನೇ ದಿನವೂ ಅದೇ.

ನಾಯಿಯ ಹೆಸರು ಸಿಯೋಪಾವ್. ಆ ಹೆಸರಿನ, ಹಬೆಯಲ್ಲಿ ಬೇಯಿಸಿದ ಬನ್ನಿನ ಹಾಗೆ ಬೆಳ್ಳಗೆ, ಗುಂಡಗೆ. ಕರೆದರೆ ಬರುತ್ತಿತ್ತು, ಕೂರೆಂದರೆ ಕೂರುತ್ತಿತ್ತು. ಒಂದು ವಾರದಲ್ಲಿ ಒಮ್ಮೆಯೂ ಗುರ್ ಎನ್ನಲಿಲ್ಲ. ಪಕ್ಕದ ಗೂಡಿನ ನಾಯಿ ಮೇಲೆ ಬಿದ್ದಾಗಲೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ರೆನ್ಯೆಲ್‌ಗೆ ಅನುಮಾನ ಬಲವಾಯಿತು.

ಒಂಬತ್ತನೇ ದಿನ ಅವನು ಸುಳ್ಳು ಕೈ ತೆಗೆದ. ರಬ್ಬರ್ ಗ್ಲೌಸಿಗೆ ಬಟ್ಟೆ ತುರುಕಿ ಉದ್ದ ಕೋಲಿಗೆ ಕಟ್ಟಿದ್ದು. ಸಿಯೋಪಾವ್ ಅನ್ನ ತಿನ್ನುತ್ತಿರುವಾಗ ಆ ಕೈಯನ್ನು ಬಟ್ಟಲಿನತ್ತ ಮೆಲ್ಲಗೆ ಚಾಚಿದ. ನಾಯಿ ಅಗಿಯುವುದನ್ನು ನಿಲ್ಲಿಸಿತು. ಹಲ್ಲು ತೋರಲಿಲ್ಲ, ಸದ್ದು ಮಾಡಲಿಲ್ಲ. ಮರುಕ್ಷಣ ಗ್ಲೌಸಿನ ಮೂರು ಬೆರಳು ಅದರ ಬಾಯಲ್ಲಿದ್ದವು.

ಗುರ್ ಎಂದು ಎಚ್ಚರಿಕೆ ಕೊಡುವ ನಾಯಿಯಿಂದ ಕೈ ಹಿಂದೆಗೆಯಲು ಹೊತ್ತು ಸಿಗುತ್ತದೆ. ಇದರ ಎಚ್ಚರಿಕೆಯನ್ನು ಯಾರೋ ಹೊಡೆದು ಹೊಡೆದು ಒಳಗೇ ಹೂತಿದ್ದರು. ರೆನ್ಯೆಲ್‌ಗೆ ಮೈಯೆಲ್ಲ ಉರಿಯಿತು. ಬೇಲಿಯ ತಗಡಿಗೆ ಒಂದು ಒದೆ ಕೊಟ್ಟ.

ಮಾರನೇ ದಿನ ಕ್ರಿಸಾಂತೋ ಬಂದ. ಹಾರೋ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು, ಗಟ್ಟಿ ಗಂಟಲಿನವನು. ರೆನ್ಯೆಲ್ ಹರಿದ ಗ್ಲೌಸನ್ನು ಮೇಜಿನ ಮೇಲಿಟ್ಟ.

"ಏನಿದು, ಡ್ರಾಮಾನಾ?" ಕ್ರಿಸಾಂತೋ ನಕ್ಕ. "ಉಪವಾಸ ಕೆಡವಿ ಕೈ ಹಾಕಿದ್ರೆ ನಾನೂ ಕಚ್ತೀನಿ. ನಿಮ್ಮಂಥ ನಾಯಿ ಪಳಗಿಸೋರು ನಂಗೊತ್ತು ತೋತೋ. ಹೊಸ ರೋಗ ಹುಡುಕ್ತೀರಿ, ಇನ್ನೊಂದು ತಿಂಗಳು ಇಟ್ಕೊಂಡು ದುಡ್ಡು ಕೀಳ್ತೀರಿ."

"ಸರಿ ನೋಂಗ್. ಅದು ಈಗ ಉಣ್ತಾ ಇದೆ. ಬಗ್ಗಿ ಬಟ್ಟಲು ತಗೊಳ್ಳಿ. ನಿಮ್ ಕೈಯಲ್ಲೇ. ಆಮೇಲೆ ಸಹಿ ಹಾಕ್ತೀನಿ."

ಕ್ರಿಸಾಂತೋ ನಾಯಿಯತ್ತ ನೋಡಿದ. ಕೈಗಳು ಪ್ಯಾಂಟಿನ ಜೇಬಿಗೆ ಹೋದವು.

"ಗುರ್ ಅಂದಾಗ ಹೊಡೀತಿದ್ರಾ?"

"ಮತ್ತೇನು, ಮುತ್ತು ಕೊಡ್ಬೇಕಿತ್ತಾ? ಎರಡು ಬಿಟ್ಟೆ, ನಿಂತೋಯ್ತು. ಒಳ್ಳೇದೇ ಆಯ್ತಲ್ಲ?"

"ಲೆಟರ್ ಯಾರಿಗೆ?"

"ನಾದಿನಿ ಮೆರ್ಲಿಗೆ. ಗಿಮಾರಾಸ್ ದ್ವೀಪದಲ್ಲಿದಾಳೆ, ಮಾವಿನ ತೋಟದ ಮನೆ. ಲೆಟರ್ ಇಲ್ದೆ ತಗೊಳಲ್ಲ ಅಂತಾಳೆ. ಇಲ್ಲಿ ನನ್ ಹೆಂಡ್ತಿ, ಡಾಕ್ಟ್ರ ಹತ್ರ ಕರ್ಕೊಂಡ್ಹೋಗಿ ಸಾಯಿಸೋ ಸೂಜಿ ಹಾಕ್ಸಿ ಬಾ ಅಂತಾಳೆ. ನೀನು ಸಹಿ ಹಾಕ್ದಿದ್ರೆ ಇದನ್ನ ಕೊಂದವನು ನೀನೇ."

"ಮೆರ್ಲಿಗೆ ಮಕ್ಕಳಿದಾರಾ?"

"ಒಂದು... ಚಿಕ್ಕದು. ನಾಲ್ಕು ವರ್ಷ."

ರೆನ್ಯೆಲ್ ಎದ್ದು ನಿಂತ, ಮತ್ತೆ ಕೂತ. ಎದ್ದರೆ ಹೊಡೆದುಬಿಡುತ್ತೇನೆ ಎನಿಸಿತು. ಹೊಡೆಯುವುದೇ ಈ ಮನುಷ್ಯನ ವಿದ್ಯೆ, ತಾನೂ ಅದನ್ನೇ ಮಾಡುವುದೇ? ಹಾಳೆ ಎಳೆದುಕೊಂಡ. ಅಕ್ಷರ ಅವನಿಗೆ ಸುಲಭಕ್ಕೆ ಬಗ್ಗುವುದಲ್ಲ. ಒಂದೊಂದನ್ನೂ ಒತ್ತಿ ಒತ್ತಿ ಬರೆದ. ಕರೆದರೆ ಬರುತ್ತದೆ, ಕೂರೆಂದರೆ ಕೂರುತ್ತದೆ. ಹಗ್ಗ ಜಗ್ಗದೆ ನಡೆಯುತ್ತದೆ. ತಿನ್ನುವಾಗ ಕೈ ಹತ್ತಿರ ಬಂದರೆ ಸದ್ದಿಲ್ಲದೆ ಕಚ್ಚುತ್ತದೆ, ಮಕ್ಕಳಿರುವ ಮನೆಗೆ ಕೊಡಬಾರದು. ಕೆಳಗೆ ಸಹಿ.

"ಇದನ್ನ ಓದಿ ಯಾರು ತಗೊಳ್ತಾರೆ?"

"ಗೊತ್ತಿಲ್ಲ. ಮಕ್ಕಳಿಲ್ದೋರು ಸಿಗಬಹುದು, ಸಿಗದೇನೂ ಇರಬಹುದು."

"ಬೇರೆಯವ್ನ ಹತ್ರ ಸಹಿ ಹಾಕಿಸ್ತೀನಿ."

ಅದೇ ರೆನ್ಯೆಲ್‌ನ ಅನುಮಾನವೂ ಆಗಿತ್ತು. ಈ ಹಾಳೆ ಮೊದಲನೇ ತಿರುವಿನ ಚರಂಡಿ ಸೇರುತ್ತದೆ. ಮೆರ್ಲಿಯ ನಂಬರನ್ನು ಕದ್ದು ಹುಡುಕಿ ಹೇಳಿಬಿಡಬಹುದಿತ್ತು. ಆದರೆ ಗಿರಾಕಿಯ ಬೆನ್ನ ಹಿಂದೆ ಮಾತಾಡುವವನಿಗೆ ನಾಳೆ ಯಾರು ನಿಜ ಹೇಳುತ್ತಾರೆ? ನಾಯಿ ಇವನದು, ಮಗು ಅವಳದು.

"ಈಗಲೇ ಫೋನ್ ಮಾಡಿ ನೋಂಗ್. ನೀವೇ ಓದಿ, ನನ್ ಮುಂದೆ. ಇಲ್ಲಾಂದ್ರೆ ನಾನು ಮಾಡ್ತೀನಿ. ಅದನ್ನೂ ನಿಮ್ ಮುಂದೇನೇ ಮಾಡ್ತೀನಿ."

ಕ್ರಿಸಾಂತೋ ಬೈದ. ರೆನ್ಯೆಲ್‌ನ ಹಳೇ ಚಪ್ಪಲಿ, ತಗಡಿನ ಬೇಲಿ, ಓದದ ತಲೆ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಫೋನ್ ಹಚ್ಚಿದ, ಸ್ಪೀಕರ್ ಹಾಕಿದ.

"ಮೆರ್ಲಿ, ಲೆಟರ್ ಬಂತು. ಕೇಳು. ಕರೆದರೆ ಬರುತ್ತದೆ, ಕೂರೆಂದರೆ ಕೂರುತ್ತದೆ. ಹಗ್ಗ ಜಗ್ಗದೆ ನಡೆಯುತ್ತದೆ. ಅಷ್ಟೆ, ಸಹಿ."

ರೆನ್ಯೆಲ್ ಮೂರನೇ ಸಾಲಿನ ಮೇಲೆ ಬೆರಳಿಟ್ಟು ಕುಟ್ಟಿದ. ಇನ್ನೊಮ್ಮೆ ಕುಟ್ಟಿದ.

"ಏನು ಸದ್ದು, ನೋಂಗ್?" ಮೆರ್ಲಿ ಕೇಳಿದಳು. "ಇನ್ನೂ ಏನಾದ್ರೂ ಇದೆಯಾ?"

ಕ್ರಿಸಾಂತೋ ಓದಿದ. ಗಟ್ಟಿ ಗಂಟಲು ಎಲ್ಲಿಗೆ ಹೋಯಿತೋ, 'ಮಕ್ಕಳಿರುವ' ಎಂಬಲ್ಲಿಗೆ ಬರುವಷ್ಟರಲ್ಲಿ ಪಿಸುಮಾತಾಗಿತ್ತು.

ಆ ಕಡೆ ಹಿಂದೆಲ್ಲೋ ಒಂದು ಮಗು ಪಾತ್ರೆ ಬಡಿಯುತ್ತಿತ್ತು.

"ನೋಂಗ್, ಹೋದ ತಿಂಗಳು ಅಕ್ಕನ ಕೈಗೆ ಹೊಲಿಗೆ ಹಾಕಿದ್ರಲ್ಲ. ಮೀನು ಹೆಚ್ಚುವಾಗ ಕುಯ್ದುಕೊಂಡ್ಳು ಅಂದ್ರಿ."

ಕ್ರಿಸಾಂತೋ ಹಾಳೆಯನ್ನೇ ನೋಡುತ್ತಿದ್ದ. "ಮೀನಲ್ಲ," ಅಂದ.

"ಬರೆದವರಿಗೆ ಫೋನ್ ಕೊಡಿ."

ರೆನ್ಯೆಲ್ ತೆಗೆದುಕೊಂಡ. "ಅದು ಸರಿ ಹೋಗುತ್ತಾ, ತೋತೋ?" ಎಂದು ಕೇಳಿದಳು.

"ಮತ್ತೆ ಗುರ್ ಅನ್ನೋದು ಕಲಿಸ್ಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ. ಆದ್ರೂ ನಿಮ್ಮನೆಗೆ ಬೇಡ. ಸರಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ."

"ಮಾತೂ ಕೊಡ್ಬೇಡಿ, ನಾಯಿನೂ ಕೊಡ್ಬೇಡಿ," ಎಂದು ಫೋನ್ ಇಟ್ಟಳು.

ಕ್ರಿಸಾಂತೋ ಎದ್ದ. "ನಾಯಿ ಸಾಕೋರ ಆನ್‌ಲೈನ್ ಗುಂಪಲ್ಲೆಲ್ಲ ನಿನ್ ಹೆಸರು ಹಾಕ್ತೀನಿ, ನೋಡ್ತಿರು."

ಗಿರಾಕಿಗಳೆಲ್ಲ ರೆನ್ಯೆಲ್‌ಗೆ ಸಿಗುತ್ತಿದ್ದದ್ದು ಆ ಗುಂಪಿನಿಂದಲೇ. "ಹಾಕಿ ನೋಂಗ್. ಲೆಟರಿನ ಫೋಟೋನೂ ಹಾಕಿ, ಪೂರ್ತಿ."

ಕ್ರಿಸಾಂತೋ ಪಿಕಪ್ ಹತ್ತಿದ. ನಾಯಿಯ ಹಗ್ಗ ಕೇಳಲಿಲ್ಲ, ಯಾವಾಗ ಬರಲಿ ಎಂದೂ ಕೇಳಲಿಲ್ಲ. ನಾಯಿಯನ್ನು ಹಾಗೇ ಬಿಟ್ಟು ಹೋದವರು ಫೋನ್ ನಂಬರ್ ಬದಲಾಯಿಸಿಬಿಡುವುದನ್ನು ರೆನ್ಯೆಲ್ ಕಂಡಿದ್ದ. ಗೇಟಿನವರೆಗೆ ಓಡಿ, ಧೂಳಿನಲ್ಲಿ ಕಾಣುವಷ್ಟು ಕಂಡ ಗಾಡಿಯ ನಂಬರನ್ನು ಅಂಗೈ ಮೇಲೆ ಬರೆದುಕೊಂಡ.